ಒಳಗೆ ಬರ್ರಿ, ಕೂತ್ಕೊಳ್ರಿ

ಭಾಗ 1/10

ಫೋಟೋದಲ್ಲಿ ಇರೋದು ಒಂದು ಹಳೇ ಬೀಗ. ಅಷ್ಟೇ. ಫಿಲ್ಟರ್ ಕೂಡ ಹಾಕಿಲ್ಲ.

ನಾನು ಓದಿದ ಸರ್ಕಾರಿ ಶಾಲೆಯಲ್ಲಿ ಹೆಡ್ಮಾಸ್ತರ ರೂಮಿನ ಮೂಲೆಗೆ ಒಂದು ಗಾಜಿನ ಬೀರು ಇತ್ತು. ಅದರ ಬೀಗ ಇದು. ಶಾಲೆಯ ಹೆಸರು ಹೇಳಲ್ಲ. ಹೇಳೋ ಅಗತ್ಯನೂ ಇಲ್ಲ, ಇದನ್ನ ಓದ್ತಿರೋರಲ್ಲಿ ಅರ್ಧ ಜನಕ್ಕೆ "ಇದು ನಮ್ಮ ಶಾಲೆಯದೇ ಇರಬೇಕು" ಅಂತ ಅನ್ನಿಸಿರುತ್ತೆ.

ಹಾಜರಿ ಪುಸ್ತಕ ತರೋಕೆ ಆ ರೂಮಿಗೆ ಹೋದಾಗೆಲ್ಲ ನನ್ನ ಕಣ್ಣು ಆ ಬೀರುವಿನ ಮೇಲೆ. ಗಾಜಿನ ಹಿಂದೆ ಪುಸ್ತಕಗಳು ಒತ್ತೊತ್ತಾಗಿ ನಿಂತಿದ್ವು. ಅದರಲ್ಲಿ ಒಂದು ಪುಸ್ತಕದ ಹೆಸರು ಅರ್ಧ ಮಾತ್ರ ಕಾಣ್ತಿತ್ತು: "ಚಿನ್ನದ". ಉಳಿದ ಅರ್ಧವನ್ನ ಬೀರುವಿನ ಕಟ್ಟಿಗೆ ಪಟ್ಟಿ ಮುಚ್ಚಿತ್ತು. ಚಿನ್ನದ ಏನು? ಕತ್ತಿಯಾ? ಜಿಂಕೆಯಾ? ಬೆಟ್ಟವಾ? ಐದನೇ ಕ್ಲಾಸಿಂದ ಏಳನೇ ಕ್ಲಾಸಿನವರೆಗೆ, ಮೂರು ವರ್ಷ, ಆ ಒಂದು ಪದದ ಮೇಲೆ ನಾನು ನನ್ನದೇ ಕಥೆ ಕಟ್ಕೊಂಡೆ.

ಒಂದು ಸಲ ಧೈರ್ಯ ಮಾಡಿ ಕೇಳಿದ್ದೆ. "ಹರಿದು ಹಾಕ್ತೀರಿ. ಆಡಿಟ್‌ಗೆ ಬಂದ್ರೆ ಲೆಕ್ಕ ಕೊಡೋರು ಯಾರವ್ವ?" ಅಂದ್ರು. ಮೇಷ್ಟ್ರು ಕೆಟ್ಟವರಲ್ಲ. ಕಳೆದ ಪುಸ್ತಕದ ದುಡ್ಡು ತಮ್ಮ ಸಂಬಳದಿಂದ ಹೋಗುತ್ತೆ ಅನ್ನೋ ಭಯ ಅವರದು. ಆದ್ರೆ ಆ ಭಯಕ್ಕೆ ದಂಡ ಕಟ್ಟಿದ್ದು ನಾವು.

ಈ ಹತ್ತು ಭಾಗದಲ್ಲಿ ನಾನು ಹೇಳೋದು ಒಂದೇ ಮಾತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಹುಡುಗ ಹುಡುಗಿಯರೇ, ಗ್ರಂಥಾಲಯಕ್ಕೆ ಹೋಗ್ರಿ. ಶಾಲೆಯದು, ಕಾಲೇಜಿನದು, ಯೂನಿವರ್ಸಿಟಿಯದು, ಯಾವುದಾದ್ರೂ ಸರಿ. ಪುಸ್ತಕ ತರೋಕೆ ಅಲ್ಲದಿದ್ರೂ ಪರವಾಗಿಲ್ಲ. ಕೂತ್ಕೊಳ್ಳೋಕೆ ಹೋಗ್ರಿ.

ಆ ಬೀಗದ ಫೋಟೋ ತೆಗೆಯೋಕೆ ಈ ವರ್ಷ ಮತ್ತೆ ಯಾಕೆ ಹೋಗಿದ್ದೆ ಅನ್ನೋದು ಕೊನೇ ಭಾಗದಲ್ಲಿ.

ಭಾಗ 2/10

ಒಂದು ಪ್ರಶ್ನೆ ಕೇಳ್ತೀನಿ, ನಿಜ ಹೇಳ್ರಿ.

ನಿಮ್ಮ ಊರಲ್ಲಿ ಒಂದು ರೂಪಾಯಿನೂ ಖರ್ಚು ಮಾಡದೆ, ಯಾರೂ "ಇಲ್ಲಿ ಯಾಕ ಕುಂತೀಯವ್ವ?" ಅಂತ ಕೇಳದೆ ಎರಡು ತಾಸು ಕೂತ್ಕೊಳ್ಳೋ ಜಾಗ ಎಲ್ಲಿದೆ?

ಹುಡುಗರು ಲೆಕ್ಕ ಹಾಕಿ ಹೇಳ್ತಾರೆ: ಚಾ ಅಂಗಡಿ, ಗುಡಿ ಕಟ್ಟೆ, ಆಂಜನೇಯನ ಗುಡಿ ಹಿಂದಿನ ಬಯಲು, ಪಂಚರ್ ಅಂಗಡಿ. ಹುಡುಗಿಯರು ಸುಮ್ನಾಗ್ತೀರಿ. ನಾನೂ ಸುಮ್ನಾಗಿದ್ದೆ. ನಮಗಿರೋದು ಬಸ್‌ಸ್ಟ್ಯಾಂಡ್. ಅಲ್ಲೂ ಒಂದು ಬಸ್ ಹೋದ ಮೇಲೆ ಎರಡನೇ ಬಸ್ಸಿಗೂ ಹತ್ತದೆ ಕೂತ್ರೆ ಜನ ನೋಡೋಕೆ ಶುರು ಮಾಡ್ತಾರೆ.

ನನ್ನ ಕ್ಲಾಸು ಒಂದು ಗಂಟೆಗೆ ಮುಗೀತಿತ್ತು. ನಮ್ಮೂರ ಬಸ್ಸು ಮೂರೂವರೆಗೆ. ಎರಡೂವರೆ ತಾಸು. ಪದವಿಯ ಮೊದಲ ಆರು ತಿಂಗಳು ಆ ಎರಡೂವರೆ ತಾಸನ್ನ ನಾನು ನಿಂತ್ಕೊಂಡೇ ಕಳೆದೆ. ಬೇಕರಿಗೆ ಹೋದ್ರೆ ಏನಾದ್ರೂ ತಗೋಬೇಕು. ದಿನಾ ಮಂಡಕ್ಕಿ ಮಿರ್ಚಿಗೆ ದುಡ್ಡು ಎಲ್ಲಿಂದ ಬರಬೇಕು?

"ಮನೇಲಿ ಓದು" ಅಂತ ಹೇಳೋದು ಸುಲಭ. ನಮ್ಮಲ್ಲಿ ಎಷ್ಟು ಜನರ ಮನೇಲಿ ಓದೋಕೆ ಅಂತ ಬೇರೆ ಕೋಣೆ ಇದೆ? ಒಂದೇ ಪಡಸಾಲೆ. ಅದರಲ್ಲೇ ಟಿವಿ, ಅದರಲ್ಲೇ ಅಜ್ಜಿ, ಅದರಲ್ಲೇ ಬೀಜದ ಚೀಲ. ನನ್ನ ಕ್ಲಾಸಿನ ಕೆಲವರ ಮನೆಯವರು ಸುಗ್ಗಿ ಮುಗಿದ ಮೇಲೆ ಗುಳೆ ಹೋಗ್ತಾರೆ. ಬಾಗಿಲಿಗೆ ಬೀಗ ಹಾಕ್ಕೊಂಡು ಹೋದ ಮನೇಲಿ ಓದೋದು ಎಲ್ಲಿ?

ಗ್ರಂಥಾಲಯದ ಬಗ್ಗೆ ಮಾತು ಬಂದ್ರೆ ಎಲ್ರೂ ಪುಸ್ತಕದ ಬಗ್ಗೆ ಮಾತಾಡ್ತಾರೆ. ನನಗೆ ಮೊದಲು ಕಂಡದ್ದು ಕುರ್ಚಿ. ಫ್ಯಾನು. ಕುಡಿಯೋ ನೀರು. ಇದನ್ನ ಹೇಳೋಕೆ ನನಗೆ ನಾಚಿಕೆ ಇಲ್ಲ. ಮೊದಲು ಕೂತ್ಕೊಳ್ಳೋಕೆ ಜಾಗ ಬೇಕು, ಓದು ಆಮೇಲೆ ತಾನಾಗೇ ಬರುತ್ತೆ.

ಭಾಗ 3/10

ಈ ಫೋಟೋದಲ್ಲಿ ಒಂದು ಬಾಗಿಲು. ಇದರ ಹೊರಗೆ ನಾನು ಎಷ್ಟು ಹೊತ್ತು ನಿಂತಿದ್ದೆ ಅಂತ ಹೇಳಿದ್ರೆ ನಗ್ತೀರಿ.

ಕಾಲೇಜಿನ ಗ್ರಂಥಾಲಯ. ಫೀಸ್ ಕಟ್ಟುವಾಗ ಅದರ ದುಡ್ಡೂ ಕಟ್ಟಿದ್ದೆ. ಆದ್ರೂ ಒಳಗೆ ಹೋಗೋಕೆ ಭಯ. ಚಪ್ಪಲಿ ಬಿಡಬೇಕಾ? ಐಡಿ ಕಾರ್ಡ್ ಕೇಳ್ತಾರಾ? "ಯಾವ ಪುಸ್ತಕ ಬೇಕು?" ಅಂದ್ರೆ ಏನು ಹೇಳೋದು? ನನಗೆ ಯಾವ ಪುಸ್ತಕದ ಹೆಸರೂ ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಅಲ್ವಾ ಬಂದಿರೋದು!

ಒಳಗಿದ್ದ ಸಹಾಯಕಿ ಅಕ್ಕ ತಲೆ ಎತ್ತಿ ನೋಡಿದ್ರು. "ಅಲ್ಯಾಕ ನಿಂತೀ? ಒಳಗ ಬಾ, ಫ್ಯಾನ್ ಕೆಳಗ ಕೂತ್ಕೊ" ಅಂದ್ರು. ಅಷ್ಟೇ ಮಾತು. ಯಾವ ಪುಸ್ತಕ ಬೇಕು ಅಂತ ಕೇಳ್ಲಿಲ್ಲ.

ನಾನು ಡಿಗ್ರಿ ಮುಗಿಸ್ತಿರೋದಕ್ಕೆ ಆ ಮಾತೂ ಒಂದು ಕಾರಣ.

ಗ್ರಂಥಾಲಯ ಚೆಂದ ಇರಬೇಕು ಅಂದ್ರೆ ಬಣ್ಣದ ಗೋಡೆ, ಎಸಿ, ಸೋಫಾ ಬೇಕು ಅಂತ ನಾವು ಅಂದ್ಕೊಂಡಿದೀವಿ. ಅವೆಲ್ಲ ಇದ್ರೆ ಒಳ್ಳೇದೇ. ಆದ್ರೆ ಸ್ವಾಗತ ಮಾಡೋದು ಮನುಷ್ಯರು, ಗೋಡೆ ಅಲ್ಲ.

ಮೈಸೂರಿನ ರಾಜೀವ್‌ನಗರದ ಸೈಯದ್ ಇಸಾಕ್ ಅವರ ಬಗ್ಗೆ ಕೇಳಿರಬಹುದು. ಕೂಲಿ ಕೆಲಸ ಮಾಡ್ತಿದ್ದವರು, ಓದೋ ಭಾಗ್ಯ ಸಿಗದವರು. ತಮಗೆ ಸಿಗದದ್ದು ಬೇರೆಯವರಿಗೆ ಸಿಗಲಿ ಅಂತ ಓಣಿಯ ಜನಕ್ಕೆ ಒಂದು ಗ್ರಂಥಾಲಯ ನಡೆಸ್ತಿದ್ರು. ಅದೂ ಶೆಡ್ಡಿನಲ್ಲಿ. ಬಂದವರು ಪೇಪರ್ ಓದ್ತಿದ್ರು, ಪುಸ್ತಕ ಓದ್ತಿದ್ರು. 2021ರ ಏಪ್ರಿಲ್‌ನಲ್ಲಿ ಬೆಂಕಿ ಬಿದ್ದು ಸುಮಾರು 11,000 ಪುಸ್ತಕ ಸುಟ್ಟು ಹೋದ್ವು. ಅವರು ಬಾಗಿಲು ಹಾಕ್ಕೊಂಡು ಮನೆಗೆ ಹೋಗ್ಲಿಲ್ಲ. ಮತ್ತೆ ಕಟ್ತೀನಿ ಅಂದ್ರು, ನಾಡಿನ ಜನ ಪುಸ್ತಕ ಕಳಿಸಿದ್ರು.

ಶೆಡ್ಡೂ ಸ್ವಾಗತ ಮಾಡಬಲ್ಲದು. ಬಾಗಿಲು ತೆಗೆಯೋ ಕೈ ಒಂದು ಇರಬೇಕು, ಅಷ್ಟೇ.

ಭಾಗ 4/10

ಇವತ್ತು ಒಬ್ಬ ಗಣಿತದ ಮೇಷ್ಟ್ರ ಕಥೆ.

ಎಸ್. ಆರ್. ರಂಗನಾಥನ್. ಹುಟ್ಟಿದ್ದು 1892ರ ಆಗಸ್ಟ್ 12. ಅದಕ್ಕೇ ಆ ದಿನವನ್ನ ದೇಶದಲ್ಲಿ ಗ್ರಂಥಪಾಲಕರ ದಿನ ಅಂತ ಆಚರಿಸ್ತಾರೆ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ್ರು. ಮೊದಮೊದಲು ಆ ಕೆಲಸ ಬೇಜಾರಾಗಿ ಪಾಠ ಮಾಡೋಕೆ ವಾಪಸ್ ಹೋಗ್ತೀನಿ ಅಂತಿದ್ರಂತೆ. ಇಂಗ್ಲೆಂಡಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನ ಸುತ್ತಾಡಿ ನೋಡಿ ಬಂದ ಮೇಲೆ ಮನಸ್ಸು ಬದಲಾಯ್ತು. ಗಮನಿಸಿ: ಅವರನ್ನ ಬದಲಾಯಿಸಿದ್ದು ಗ್ರಂಥಾಲಯಗಳ ಭೇಟಿ.

ಮದ್ರಾಸ್ ಅಂದ್ರೆ ನಮಗೆ ದೂರದ ಊರು ಅನ್ಕೋಬೇಡಿ. ಆ ಕಾಲದಲ್ಲಿ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ನಮ್ಮ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದದ್ದು 1953ರ ಅಕ್ಟೋಬರ್ 1ಕ್ಕೆ. ರಂಗನಾಥನ್ ಹಿಂದೆ ನಿಂತು ತಂದ 1948ರ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಾಗ ನಾವೂ ಆ ಪ್ರಾಂತದವರೇ.

1931ರಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರ ಬರೆದ್ರು. ನನ್ನ ಮಾತಲ್ಲಿ ಹೇಳ್ತೀನಿ. ಪುಸ್ತಕ ಇರೋದು ಬಳಸೋಕೆ. ಪ್ರತಿ ಓದುಗರಿಗೂ ಅವರ ಪುಸ್ತಕ ಸಿಗಬೇಕು. ಪ್ರತಿ ಪುಸ್ತಕಕ್ಕೂ ಅದರ ಓದುಗರು ಸಿಗಬೇಕು. ಓದುಗರ ಟೈಮ್ ಹಾಳಾಗಬಾರದು. ಗ್ರಂಥಾಲಯ ಬೆಳೀತಾ ಇರೋ ಜೀವ.

ಮೊದಲನೇ ಸೂತ್ರ ಎಷ್ಟು ಸರಳ ಅಲ್ವಾ? ಇದನ್ನೂ ಹೇಳಬೇಕಿತ್ತಾ ಅನ್ನಿಸುತ್ತೆ. ಹಿಂದೆ ಯೂರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನ ಸರಪಳಿ ಹಾಕಿ ಕಪಾಟಿಗೆ ಕಟ್ಟಿಡ್ತಿದ್ರು, ಯಾರೂ ಎತ್ಕೊಂಡು ಹೋಗಬಾರದು ಅಂತ. ಕೇಳಿದ್ರೆ ನಗು ಬರುತ್ತೆ. ಆದ್ರೆ ಮೊದಲ ಭಾಗದ ಫೋಟೋ ಇನ್ನೊಂದ್ಸಲ ನೋಡಿ. ಸರಪಳಿ ಹೋಗಿದೆ. ಬೀಗ ಉಳಿದಿದೆ.

ರಂಗನಾಥನ್ ಕೊನೇ ವರ್ಷಗಳನ್ನ ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲೇ ಗ್ರಂಥಾಲಯ ಶಾಸ್ತ್ರದ ತರಬೇತಿ ಕೇಂದ್ರ ಶುರು ಮಾಡಿದ್ರು. ತೀರಿಕೊಂಡದ್ದೂ ಅಲ್ಲೇ, 1972ರಲ್ಲಿ. ಒಂದು ಲೆಕ್ಕಕ್ಕೆ ನಮ್ಮವರೇ. ಅವರ ಮಾತು ನಮ್ಮ ಊರಿನ ಬೀರುವಿನವರೆಗೆ ಇನ್ನೂ ಬಂದಿಲ್ಲ, ಅಷ್ಟೇ.

ಭಾಗ 5/10

"ಕೇಳೋಕೆ ಸಂಕೋಚ ಆಗುತ್ತೆ" ಅಂತ ಹೋದ ವಾರ ಒಬ್ಬಳು ಮೆಸೇಜ್ ಮಾಡಿದ್ಲು. ಈ ಭಾಗ ಅವಳಿಗೆ.

ಸಂಕೋಚ ಯಾಕೆ? ಅದು ಯಾರೋ ಕೊಡೋ ದಾನ ಅಲ್ಲ.

ನಿಮ್ಮ ಮನೆಯ ಕಂದಾಯದ ರಸೀದಿ ಇದ್ರೆ ತೆಗೆದು ನೋಡಿ. ಪಟ್ಟಣದಲ್ಲಿ ಆಸ್ತಿ ತೆರಿಗೆ ಕಟ್ಟುವಾಗ ಅದರ ಜೊತೆ "ಗ್ರಂಥಾಲಯ ಕರ" ಅಂತ ಒಂದು ಸಾಲು ಇರುತ್ತೆ. ತೆರಿಗೆಯ ಮೇಲೆ ಶೇ 6. ನಮ್ಮ ರಾಜ್ಯದಲ್ಲಿ 1965ರಿಂದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದೆ, ಈ ಕರ ಬಂದದ್ದು ಅದರಿಂದ. ನಿಮ್ಮಪ್ಪ ಕಟ್ಟಿದ ಕಂದಾಯದಲ್ಲಿ ಆ ಕುರ್ಚಿಯ ಒಂದು ಕಾಲು ನಿಮ್ಮದು.

ಶಾಲೆ ವಿಷಯಕ್ಕೆ ಬನ್ನಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆಯಲ್ಲ, ಅದರ ಅನುಸೂಚಿಯಲ್ಲಿ ಶಾಲೆಗೆ ಏನೇನು ಇರಬೇಕು ಅಂತ ಪಟ್ಟಿ ಕೊಟ್ಟಿದ್ದಾರೆ. ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅದರಲ್ಲಿ ಪತ್ರಿಕೆ, ಮ್ಯಾಗಜೀನ್, ಎಲ್ಲ ವಿಷಯದ ಪುಸ್ತಕ, ಕಥೆ ಪುಸ್ತಕ ಕೂಡ ಇರಬೇಕು ಅಂತ ಬರೆದಿದೆ. ಕಥೆ ಪುಸ್ತಕ ಅಂತ ಬಿಡಿಸಿ ಹೇಳಿದ್ದಾರೆ, ನೋಡ್ರಿ. ಸಂಸತ್ತಿನಲ್ಲಿ ಕೂತವರಿಗೂ ಗೊತ್ತಿತ್ತು, ಮಕ್ಕಳಿಗೆ ಗೈಡ್ ಮಾತ್ರ ಸಾಲಲ್ಲ ಅಂತ.

ಹಳ್ಳಿಯವರು ನಮಗೇನಿದೆ ಅಂತ ಕೇಳ್ತೀರಾ? ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದ್ವು. ಈಗ ಅವಕ್ಕೆ "ಅರಿವು ಕೇಂದ್ರ" ಅಂತ ಹೆಸರು. 2020ರಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಪುಕ್ಕಟೆ. ನಿಮ್ಮ ತಮ್ಮ, ತಂಗಿಯ ಹೆಸರು ಬರೆಸಿದ್ದೀರಾ? ಇವತ್ತು ಸಂಜೆ ಕೇಳಿ.

ಹಾಗಂತ ಕಾನೂನಿನ ಪುಸ್ತಕ ಹಿಡ್ಕೊಂಡು ಜಗಳಕ್ಕೆ ಹೋಗ್ರಿ ಅಂತ ನಾನು ಹೇಳ್ತಿಲ್ಲ. ಬಾಗಿಲಲ್ಲಿ ನಿಂತಾಗ ಬೆನ್ನು ನೆಟ್ಟಗಿರಲಿ ಅಂತ ಹೇಳಿದೆ.

ಭಾಗ 6/10

ಈಗ ಸ್ವಲ್ಪ ಕಷ್ಟದ ಮಾತು. ಬಯ್ಕೋಬೇಡಿ.

ನಮ್ಮ ತಾಲ್ಲೂಕು ಊರುಗಳ ಯಾವ ಓದೋ ಕೋಣೆಗೆ ಹೋದ್ರೂ ಹೆಚ್ಚಿನವರ ಮುಂದೆ ಇರೋದು ಒಂದೇ ಥರದ ಪುಸ್ತಕ. ಪಿಡಿಒ, ಎಫ್‌ಡಿಎ, ಪಿಎಸ್‌ಐ, ಕಾನ್ಸ್‌ಟೇಬಲ್. ದಪ್ಪ ಗೈಡು, ಹಳೇ ಪ್ರಶ್ನೆಪತ್ರಿಕೆ, ಹೈಲೈಟರ್. ದುಡ್ಡು ಕೊಟ್ಟು ತಿಂಗಳ ಸೀಟ್ ತಗೊಳ್ಳೋ ಖಾಸಗಿ ಸ್ಟಡಿ ರೂಮ್‌ಗಳೂ ಬಂದಿವೆ.

ಇದನ್ನ ಹೀಯಾಳಿಸೋರು ಇದ್ದಾರೆ. "ಇವರೇನು ಓದುಗರಾ?" ಅಂತ. ನಾನು ಆ ಗುಂಪಿಗೆ ಸೇರಲ್ಲ. ಒಂದು ಕೆಲಸ ಸಿಕ್ರೆ ಒಂದು ಮನೆ ಗುಳೆ ಹೋಗೋದು ನಿಲ್ಲುತ್ತೆ. ಆ ಅಣ್ಣಂದಿರು ಅಕ್ಕಂದಿರು ಕೂತಿರೋ ಕುರ್ಚಿ ಅವರಿಗೇ ಇರಲಿ.

ನನ್ನ ತಕರಾರು ಒಂದೇ. ಗೈಡಿನ ಪಕ್ಕದಲ್ಲಿ ಕಥೆಯ ಬೀರುವೂ ತೆರೆದಿರಲಿ. ಎರಡರಲ್ಲಿ ಒಂದು ಅನ್ನೋ ಹಾಗೆ ಮಾಡಬೇಡಿ.

ಯಾಕೆ ಅಂತೀರಾ? ಬೀಚಿ ನೆನಪಿಸ್ಕೊಳ್ಳಿ. ನಗೆಯ ಬೀಚಿ, "ತಿಂಮನ ತಲೆ"ಯ ಬೀಚಿ, ರಾಯಸಂ ಭೀಮಸೇನರಾವ್. ಹುಟ್ಟಿದ್ದು 1913ರಲ್ಲಿ, ನಮ್ಮ ಹರಪನಹಳ್ಳಿಯಲ್ಲೇ. ಅವರಿಗೆ ಪೊಲೀಸ್ ಇಲಾಖೆಯಲ್ಲಿ ನೌಕರಿ ಇತ್ತು. ನಾವು ಯಾವುದಕ್ಕೆ ಗೈಡ್ ಓದ್ತಿದೀವೋ ಆ ಇಲಾಖೆ! ಕನ್ನಡ ಪುಸ್ತಕ ಅಂದ್ರೆ ಮೂಗು ಮುರೀತಿದ್ದವರು ಅವರು. ಅನಕೃ ಅವರ "ಸಂಧ್ಯಾರಾಗ" ಕಾದಂಬರಿ ಕೈಗೆ ಸಿಕ್ಕಿ, ಅದನ್ನ ಓದಿದ ಮೇಲೆ ಕನ್ನಡಕ್ಕೆ ತಿರುಗಿದ್ರು. ಕೈಗೆ ಒಂದು ಕಾದಂಬರಿ ಸಿಕ್ಕಿದ್ದಕ್ಕೆ ನಮಗೆ ಒಬ್ಬ ಬೀಚಿ ಸಿಕ್ಕಿದ್ರು.

ಕೊಟ್ಟೂರಿನ ಕುಂ. ವೀರಭದ್ರಪ್ಪ ನಮ್ಮ ಕಾಲದವರೇ. "ಅರಮನೆ" ಕಾದಂಬರಿಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಾವು ಆಡೋ ಮಾತು, ನಾವು ಬೈಯೋ ಬೈಗುಳ, ನಮ್ಮ ಓಣಿ, ಎಲ್ಲಾ ಅವರ ಪುಸ್ತಕದಲ್ಲಿದೆ. ನಮ್ಮ ಮಾತು ಪುಸ್ತಕದಲ್ಲಿ ಅಚ್ಚಾಗಿದ್ದನ್ನ ನಾನು ಮೊದಲು ನೋಡಿದ್ದು ಆ ಫ್ಯಾನಿನ ಕೆಳಗೆ ಕೂತು. ಯಾವ ಸಿಲೆಬಸ್ಸಿನಲ್ಲೂ ಅಲ್ಲ.

ಭಾಗ 7/10

ನಿಮ್ಮ ಕಾಲೇಜಿನ ಗ್ರಂಥಾಲಯ ಅಭ್ಯಾಸ ಆಯ್ತಾ? ಈಗ ಒಂದು ದಿನ ದೊಡ್ಡದನ್ನ ನೋಡೋಕೆ ಹೋಗೋಣ. ಯೂನಿವರ್ಸಿಟಿ.

"ನಾವು ಅಲ್ಲಿ ಓದ್ತಿಲ್ಲವಲ್ಲ, ಬಿಡ್ತಾರಾ?" ಇದೇ ಎಲ್ಲರ ಮೊದಲ ಪ್ರಶ್ನೆ. ಮನೆಗೆ ಪುಸ್ತಕ ಕೊಡಲ್ಲ, ಅದು ಸರಿ. ಆದ್ರೆ ಕಾಲೇಜಿನ ಐಡಿ ಕಾರ್ಡ್ ಇಟ್ಕೊಂಡು, ನಿಮ್ಮ ಪ್ರಾಂಶುಪಾಲರಿಂದ ಒಂದು ಪತ್ರ ಬರೆಸ್ಕೊಂಡು, ಮೊದಲೇ ಫೋನ್ ಮಾಡಿ, "ಸರ, ನಾಲ್ಕು ಜನ ನೋಡೋಕ ಬರ್ತೀವಿ" ಅಂತ ಕೇಳಿದ್ರೆ ಏನು ಕಳೆದು ಹೋಗುತ್ತೆ? ಹೆಚ್ಚಂದ್ರೆ ಬೇಡ ಅಂತಾರೆ. ನಮಗೆ ಬೇಡ ಅನ್ನಲಿಲ್ಲ.

ನಮ್ಮ ಐದು ಊರಿಗೆ ಮೂರು ದಿಕ್ಕು ತೆರೆದಿವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಯವರಿಗೆ ಹೊಸಪೇಟೆ ಹತ್ತಿರ, ಅಲ್ಲಿಂದ ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ. 1991ರಲ್ಲಿ ಶುರುವಾದದ್ದು, ಕನ್ನಡದ ಸಂಶೋಧನೆಗೆ ಅಂತಲೇ ಕಟ್ಟಿದ್ದು. ಹರಪನಹಳ್ಳಿಯವರಿಗೆ ದಾವಣಗೆರೆ ವಿಶ್ವವಿದ್ಯಾಲಯ ಹತ್ತಿರ. ಜಿಲ್ಲೆ ಬಳ್ಳಾರಿಯಿಂದ ದಾವಣಗೆರೆ, ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ ಅಂತ ಬದಲಾಗ್ತಾನೇ ಹೋಯ್ತು. ಬಸ್ಸಿನ ದಾರಿ ಮಾತ್ರ ಹಳೇದೇ. ಹಡಗಲಿಯವರು ಮುಂಡರಗಿ ಮೇಲೆ ಹೋದ್ರೆ ಗದಗ, ಅಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇದೆ.

ಹುಡುಗಿಯರೇ, ನಮಗೆ ಇನ್ನೊಂದು ಅನುಕೂಲ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿಗೆ ನಮಗೆ ಟಿಕೆಟ್ ದುಡ್ಡಿಲ್ಲ. ಅದೇ ಬಸ್ಸಲ್ಲಿ ಧರ್ಮಸ್ಥಳಕ್ಕೆ ಹೋಗಿ ಬಂದಿದೀವಿ, ಮದುವೆಗೆ ಹೋಗಿ ಬಂದಿದೀವಿ. ಒಂದು ಸಲ ಗ್ರಂಥಾಲಯ ನೋಡೋಕೂ ಹೋಗಿ ಬರೋಣ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಕೊಂಡ್ರೆ ಊಟದ ಖರ್ಚೂ ಇಲ್ಲ.

ಮನೇಲಿ ಏನು ಹೇಳೋದು ಅಂತ ಯೋಚಿಸಬೇಡಿ. ನಿಜಾನೇ ಹೇಳಿ. "ಲೈಬ್ರರಿ ನೋಡೋಕ ಹೊಂಟೀವಿ" ಅಂದಾಗ ನಮ್ಮವ್ವ ಕೇಳಿದ್ದು ಒಂದೇ: "ಅದನ್ನೇನು ನೋಡೋದು?"

ಉತ್ತರ ಮುಂದಿನ ಭಾಗದಲ್ಲಿ.

ಭಾಗ 8/10

ನಾವು ನಾಲ್ಕು ಜನ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಹೋಗಿದ್ವಿ. ಕಲ್ಲಿನ ಕಟ್ಟಡಗಳು, ಸುತ್ತ ಬಂಡೆ, ಬಿಸಿಲು. ಒಳಗೆ ಹೋದ ಮೇಲೆ ತಣ್ಣಗೆ. ರಿಜಿಸ್ಟರ್‌ನಲ್ಲಿ ಹೆಸರು, ಊರು ಬರೆದ್ವಿ. ಚೀಲ ಹೊರಗಿಟ್ವಿ.

ಮೊದಲ ಅರ್ಧ ತಾಸು ನಾವು ಏನೂ ಓದಲಿಲ್ಲ. ಸಾಲು ಸಾಲು ಕಪಾಟಿನ ನಡುವೆ ಸುಮ್ನೆ ನಡೆದ್ವಿ. ಇಷ್ಟೊಂದು ಕನ್ನಡ ಪುಸ್ತಕ ಒಂದೇ ಕಡೆ ನಾವು ಯಾರೂ ನೋಡಿರಲಿಲ್ಲ. ಗಾಜಿಲ್ಲ, ಬೀಗ ಇಲ್ಲ. ಕೈ ಚಾಚಿದ್ರೆ ಪುಸ್ತಕ.

ನಮ್ಮ ಜೊತೆ ಬಂದವಳಲ್ಲಿ ಒಬ್ಬಳು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯವಳು. ಯಾರಾದ್ರೂ ಊರು ಕೇಳಿದ್ರೆ "ಹಗರಿಬೊಮ್ಮನಹಳ್ಳಿ ಹತ್ರ" ಅಂತಷ್ಟೇ ಹೇಳೋಳು, ಕೋಗಳಿ ಅಂದ್ರೆ ಯಾರಿಗೂ ಗೊತ್ತಾಗಲ್ಲ ಅಂತ. ಶಾಸನದ ಪುಸ್ತಕಗಳ ಸಾಲಿನಲ್ಲಿ ದಪ್ಪ ಸಂಪುಟ ಒಂದನ್ನ ಸುಮ್ನೆ ಎಳೆದ್ವಿ. ಮದ್ರಾಸ್ ಪ್ರಾಂತದ ಕನ್ನಡ ಶಾಸನಗಳು, 1939ರಲ್ಲಿ ಅಚ್ಚಾದದ್ದು. ಅದರಲ್ಲಿ ನಮ್ಮ ಊರುಗಳೇ ಊರುಗಳು! ಹರಪನಹಳ್ಳಿ ಕಡೆಯ ಬಾಗಳಿ ಇತ್ತು. ಕೋಗಳಿ ಇತ್ತು. ಸಾವಿರ ವರ್ಷದ ಹಿಂದೆ ಕೋಗಳಿ ಒಂದು ನಾಡಿನ ಹೆಸರು, ಶಾಸನದಲ್ಲಿ ಅದನ್ನ "ಕೋಗಳಿ ಐನೂರು" ಅಂತ ಕರೀತಾರೆ.

ಅವಳು ಆ ಪುಟದ ಮೇಲೆ ಬೆರಳಿಟ್ಟು ಸುಮಾರು ಹೊತ್ತು ತೆಗೀಲಿಲ್ಲ. ಈಗ ಯಾರಾದ್ರೂ ಊರು ಕೇಳಿದ್ರೆ "ಕೋಗಳಿ" ಅಂತಾಳೆ. ಗೊತ್ತಿಲ್ಲ ಅಂದ್ರೆ ಕೂರಿಸ್ಕೊಂಡು ಹೇಳ್ತಾಳೆ.

ಆ ಸಂಪುಟದ ಸಂಪಾದಕರಲ್ಲಿ ಒಬ್ಬರು ಆರ್. ಶಾಮಶಾಸ್ತ್ರಿ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಕೆಲಸ ಮಾಡ್ತಿದ್ದವರು. ಜಗತ್ತೇ ಕಳೆದು ಹೋಗಿದೆ ಅಂದುಕೊಂಡಿದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನ ಅಲ್ಲಿಯ ತಾಳೆಗರಿಯಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು. ತಾಳೆಗರಿ ಅಲ್ಲೇ ಇತ್ತು. ಯಾರಾದ್ರೂ ತೆಗೆದು ನೋಡಬೇಕಿತ್ತು.

ನಮ್ಮವ್ವನ ಪ್ರಶ್ನೆಗೆ ಇದು ನನ್ನ ಉತ್ತರ. ಅಲ್ಲಿ ಏನು ನೋಡೋದು? ನಮ್ಮ ಊರನ್ನ.

ಭಾಗ 9/10

"ಎಲ್ಲಾ ಫೋನಲ್ಲೇ ಐತಲ್ಲಲೇ, ಅಲ್ಲಿಗ್ಯಾಕ ಹೋಗಬೇಕು?"

ಕ್ಲಾಸಿನ ಒಬ್ಬ ದೋಸ್ತ್ ಕೇಳಿದ್ದು. ನ್ಯಾಯವಾದ ಪ್ರಶ್ನೆ. ನೀವು ಇದನ್ನ ಓದ್ತಿರೋದೂ ಫೋನಲ್ಲೇ. ನಮ್ಮ ರಾಜ್ಯದ ಡಿಜಿಟಲ್ ಗ್ರಂಥಾಲಯದ ಆ್ಯಪ್ 2020ರಿಂದ ಇದೆ, ನಾನೂ ಬಳಸ್ತೀನಿ. ಪಿಎಚ್‌ಡಿ ಪ್ರಬಂಧಗಳು ಬೇಕು ಅಂದ್ರೆ "ಶೋಧಗಂಗಾ" ಇದೆ, ಪುಕ್ಕಟೆ.

ಆದ್ರೆ ಫೋನು ನೀವು ಕೇಳಿದ್ದನ್ನ ಕೊಡುತ್ತೆ. ಇಲ್ಲಾಂದ್ರೆ ನಿನ್ನೆ ನೋಡಿದ್ದರ ಥರದ್ದನ್ನೇ ಇವತ್ತೂ ಕೊಡುತ್ತೆ. "ಕೋಗಳಿ ಐನೂರು" ಅಂತ ಅವಳು ಸರ್ಚ್ ಮಾಡೋಕೆ ಅದು ಇದೆ ಅಂತ ಮೊದಲು ಗೊತ್ತಿರಬೇಕಲ್ಲ? ಗೊತ್ತೇ ಇಲ್ಲದ್ದು ಸಿಗೋದು ಕಪಾಟಿನಲ್ಲಿ, ಪಕ್ಕದ ಪುಸ್ತಕ ಎಳೆಯೋಕೆ ಹೋಗಿ.

ಇನ್ನೊಂದು. ಫೋನಿನ ಜೊತೆ ನೀವು ಒಬ್ಬರೇ. ಗ್ರಂಥಾಲಯದಲ್ಲಿ ಪಕ್ಕದ ಟೇಬಲ್ಲಿನವರು ಪುಟ ತಿರುಗಿಸೋ ಸದ್ದು ಕೇಳುತ್ತೆ. ಮಾತಾಡದೇ ಇದ್ರೂ ಜೊತೆಗಿದ್ದಾರೆ ಅನ್ನಿಸುತ್ತೆ. ಪರೀಕ್ಷೆಯ ಹಿಂದಿನ ವಾರ ಆ ಸದ್ದು ಎಷ್ಟು ಧೈರ್ಯ ಕೊಡುತ್ತೆ ಅನ್ನೋದು ಅಲ್ಲಿ ಕೂತವರಿಗೆ ಗೊತ್ತು.

ಫೋಟೋ ಬಗ್ಗೆಯೂ ಹೇಳಿಬಿಡ್ತೀನಿ, ಯಾಕಂದ್ರೆ ನಾನೇ ಫೋಟೋ ಹಾಕ್ತಿದೀನಿ. ಒಪ್ಪಿಗೆ ಕೇಳಿ ತೆಗೀರಿ. ಓದ್ತಾ ಕೂತವರ ಮುಖ ಬೇಡ. ರೀಲ್ಸ್‌ಗೆ ಅಂತ ಪುಸ್ತಕ ಎಳೆದು ಜೋಡಿಸಿ ಹಾಗೇ ಬಿಟ್ಟು ಬರಬೇಡಿ, ಆಮೇಲೆ ಅದನ್ನ ತೆಗೆದಿಡೋಕೆ ಒಬ್ಬರು ಅಕ್ಕ ಇದ್ದಾರೆ. ತೆಗೆದ ಪುಸ್ತಕವನ್ನ ಎಲ್ಲೋ ತುರುಕಬೇಡಿ, ಟೇಬಲ್ ಮೇಲೆ ಇಡಿ. ತಪ್ಪು ಜಾಗದಲ್ಲಿಟ್ಟ ಪುಸ್ತಕ ಕಳೆದು ಹೋದ ಹಾಗೇ.

ಮತ್ತೆ, ರಿಜಿಸ್ಟರ್‌ನಲ್ಲಿ ಹೆಸರು ಬರೆಯೋದು ಮರೀಬೇಡಿ. ಅದು ಸುಮ್ನೆ ಸಹಿ ಅಲ್ಲ. ಯಾರೂ ಬರಲ್ಲ ಅನ್ನೋದೇ ಬೀಗ ಹಾಕೋಕೆ ಸುಲಭದ ಕಾರಣ. ದಿನಕ್ಕೆ ಇಪ್ಪತ್ತು ಹೆಸರಿದ್ರೆ ಆ ಕಾರಣ ಹೇಳೋಕೆ ಆಗಲ್ಲ. ಗ್ರಂಥಾಲಯ ನಮ್ಮನ್ನ ಸ್ವಾಗತ ಮಾಡಬೇಕು ಅಂತೀವಿ. ನಾವು ಹೋಗೋದೂ ಅದರ ಅರ್ಧ.

ಭಾಗ 10/10

ಬೀಗದ ಕಥೆ ಮುಗಿಸ್ತೀನಿ.

ಹಂಪಿಯಿಂದ ಬಂದ ಮೇಲೆ ಸುಮ್ನೆ ಕೂರೋಕೆ ಆಗ್ಲಿಲ್ಲ. ನಾನು ಓದಿದ ಶಾಲೆಗೆ ಹೋದೆ. ಈಗ ಬೇರೆ ಮೇಷ್ಟ್ರು. ಬೀರು ಅದೇ, ಬೀಗ ಅದೇ. ಫೋಟೋ ತೆಗೆದದ್ದು ಆಗಲೇ. "ಸರ, ಶನಿವಾರ ಬೆಳಿಗ್ಗೆ ಒಂದು ತಾಸು ಇದನ್ನ ತೆಗೀರಿ. ನಾವು ಇಬ್ಬರು ಬಂದು ಕೂತ್ಕೊಳ್ತೀವಿ. ಯಾರು ಯಾವ ಪುಸ್ತಕ ತಗೊಂಡ್ರು ಅಂತ ನೋಟ್‌ಬುಕ್‌ನಲ್ಲಿ ಬರೀತೀವಿ. ಕಳೆದ್ರೆ ನಾವು ಜವಾಬ್ದಾರಿ" ಅಂದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಮೊದಲು ಒಂದು ತಿಂಗಳು ನೋಡೋಣ" ಅಂದ್ರು.

ಬೀಗ ತುಕ್ಕು ಹಿಡಿದಿತ್ತು. ಕೊಬ್ಬರಿ ಎಣ್ಣೆ ಬಿಟ್ಟು ತೆಗೀಬೇಕಾಯ್ತು.

ನಾನು ಮೊದಲು ಎಳೆದದ್ದು ಆ "ಚಿನ್ನದ" ಪುಸ್ತಕವನ್ನೇ. ಅದರ ಪೂರ್ತಿ ಹೆಸರು ಓದಿ ಜೋರಾಗಿ ನಕ್ಕುಬಿಟ್ಟೆ. "ಚಿನ್ನದ ಮೊಟ್ಟೆ". ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: ಕೋಳಿ ಸಾಕಣೆ ಕೈಪಿಡಿ. ಮೂರು ವರ್ಷ ನಾನು ಕಟ್ಟಿದ ರಾಜ್ಯವೆಲ್ಲ ಕೋಳಿ ಗೂಡಾಗಿ ಹೋಯ್ತು!

ಮನೆಗೆ ತಂದು ನಮ್ಮವ್ವಗೆ ತೋರಿಸಿ ನಗಿಸೋಣ ಅಂದ್ಕೊಂಡೆ. ಅವಳು ನಗಲಿಲ್ಲ. ಸಂಘದಲ್ಲಿ ಸಾಲ ತಗೊಂಡು ಕೋಳಿ ಸಾಕ್ತಿದ್ದಾಳೆ, ಹೋದ ಮಳೆಗಾಲದಲ್ಲಿ ರೋಗ ಬಂದು ಅರ್ಧ ಸತ್ತಿದ್ವು. "ರೋಗದ್ದೇನರ ಬರ್ದಾರ ನೋಡು, ಓದಿ ಹೇಳು" ಅಂದ್ಲು. ಅವತ್ತು ರಾತ್ರಿ ನಾನು ಓದಿದೆ, ಅವಳು ರೊಟ್ಟಿ ಬಡೀತಾ ಕೇಳಿದ್ಲು. ನಡುವೆ ನಿಲ್ಲಿಸಿ "ಅದನ್ನ ಇನ್ನೊಂದ್ಸಲ ಓದು" ಅಂದ್ಲು. ಅವಳಿಗೆ ಅಕ್ಷರ ಬರಲ್ಲ. ಆದ್ರೆ ಆ ಪುಸ್ತಕ ಇಷ್ಟು ವರ್ಷ ಕಾದದ್ದು ಅವಳಿಗೇ ಇರಬೇಕು. ಪ್ರತಿ ಪುಸ್ತಕಕ್ಕೂ ಅದರ ಓದುಗರು ಅಂತ ರಂಗನಾಥನ್ ಬರೆದದ್ದು ನನಗೆ ಅರ್ಥ ಆಗಿದ್ದು ಅವತ್ತು, ಒಲೆ ಮುಂದೆ.

ಈಗ ಶನಿವಾರ ಹತ್ತು ಹದಿನೈದು ಮಕ್ಕಳು ಬರ್ತಾರೆ. ಎರಡು ಪುಸ್ತಕ ಹರಿದಿವೆ, ಗೋಂದು ಹಚ್ಚಿ ಅಂಟಿಸಿದೀವಿ. ಒಂದು ಇನ್ನೂ ವಾಪಸ್ ಬಂದಿಲ್ಲ. ಮೇಷ್ಟ್ರು ಒಂದು ತಿಂಗಳು ಅಂದದ್ದು ಮುಗಿದಿದೆ, ಬೀಗ ಹಾಕಿ ಅಂತ ಇನ್ನೂ ಹೇಳಿಲ್ಲ.

ನೀವು ಮಾಡಬೇಕಾದ್ದು ಇಷ್ಟೇ. ಈ ವಾರ ನಿಮ್ಮ ಹತ್ತಿರದ ಯಾವುದಾದ್ರೂ ಒಂದು ಗ್ರಂಥಾಲಯಕ್ಕೆ ಹೋಗಿ ಒಂದು ತಾಸು ಕೂತ್ಕೊಳ್ರಿ. ಬೀಗ ಇದ್ರೆ ಕೀಲಿ ಯಾರ ಹತ್ರ ಇದೆ ಅಂತ ಕೇಳ್ರಿ, ಮರ್ಯಾದೆಯಿಂದ, ಆದ್ರೆ ಎರಡು ಸಲ. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ ಇರುತ್ತೆ, ಅಲ್ಲಿವರೆಗೆ ಕಾಯಬೇಡಿ.

ಬಾಗಿಲಲ್ಲಿ ಯಾರಾದ್ರೂ ಚಿಕ್ಕವರು ಹಿಂಜರೀತಾ ನಿಂತಿದ್ರೆ ನೀವೇ ಹೇಳ್ರಿ: ಅಲ್ಯಾಕ ನಿಂತೀ? ಒಳಗ ಬಾ, ಫ್ಯಾನ್ ಕೆಳಗ ಕೂತ್ಕೊ.

#ಒಳಗೆಬರ್ರಿ #ಕೂಡ್ಲಿಗಿ #ಕೊಟ್ಟೂರು #ಹಗರಿಬೊಮ್ಮನಹಳ್ಳಿ #ಹಡಗಲಿ #ಹರಪನಹಳ್ಳಿ